ಸೋರಿದ್ದು ಕೊಳವಲ್ಲ, ಗಿಡ

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದೆ. ಕೊಳದ ನೀರು ಮತ್ತೆ ಇಳಿದಿತ್ತು. ಮಗಳ ಹಳೇ ಸ್ಟೀಲ್ ಸ್ಕೇಲನ್ನು ಕಲ್ಲಿಗೆ ಆನಿಸಿ ನೀರಲ್ಲಿ ನಿಲ್ಲಿಸಿದ್ದೆ. ಹಿಂದಿನ ದಿನಕ್ಕಿಂತ 4 ಸೆಂಟಿಮೀಟರ್ ಕಮ್ಮಿ. ನನ್ನ ಕೊಳದ ಅಳತೆಗೆ ಲೆಕ್ಕ ಹಾಕಿದರೆ ಸುಮಾರು 115 ಲೀಟರ್. ಹತ್ತಿರ ಹತ್ತಿರ ಎಂಟು ಬಿಂದಿಗೆ ನೀರು ಒಂದೇ ದಿನದಲ್ಲಿ ಎಲ್ಲಿಗೆ ಹೋಯಿತು?

ಕೊಳದ ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ತೂತಾಗಿದೆ ಅಂದುಕೊಂಡೆ. ತೂತು ಹುಡುಕಬೇಕು ಅಂದರೆ ಮೀನು ಹಿಡಿದು, ಗಿಡ ತೆಗೆದು, ಕಲ್ಲೆಲ್ಲ ಎತ್ತಿ ಈಚೆಗೆ ಹಾಕಬೇಕು. ಎಂಟು ತಿಂಗಳ ಕೆಲಸ ನೀರುಪಾಲು. ನಾನು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ತೂತು ಇರಲಿಲ್ಲ. ತಪ್ಪು ನಾನು ಗಿಡ ಆರಿಸಿದ ರೀತಿಯಲ್ಲಿತ್ತು. ಹಾಗಾಗಿ ಶುರುವಿನಿಂದಲೇ ಹೇಳುತ್ತೇನೆ.

ಗುಂಡಿ ಮತ್ತು ಗುಡ್ಡ

ಮನೆ ಮೈಸೂರಿನ ಬೋಗಾದಿ ಕಡೆ. ಹಿತ್ತಲಲ್ಲಿ ಎಂಟು ಅಡಿ ಉದ್ದ, ಐದು ಅಡಿ ಅಗಲದ ಮೊಟ್ಟೆ ಆಕಾರದ ಗುಂಡಿ ತೋಡಿಸಿದೆ. ಅಂಚಲ್ಲಿ ಒಂದು ಅಡಿ ಆಳ, ನಡುವೆ ಎರಡು ಅಡಿ. ಹಿಡಿಯೋದು ಸುಮಾರು 1300 ಲೀಟರ್. ತೆಗೆದ ಕೆಂಪು ಮಣ್ಣನ್ನು ಹಿಂದೆಯೇ ಗುಡ್ಡೆ ಹಾಕಿ ತುಳಿಸಿ, ಮೂರು ಅಡಿ ಎತ್ತರದ ದಿಬ್ಬ ಮಾಡಿದೆ. ಜಲಪಾತ ಅನ್ನೋದು ದೊಡ್ಡ ಮಾತು. ಮೂರು ಮೆಟ್ಟಿಲು, ಅಷ್ಟೇ.

ಹಾಳೆಗೆ ಜಾಸ್ತಿ ಖರ್ಚಾಗಲಿಲ್ಲ. ನನ್ನ ಬಾಮೈದ ಪಾಂಡವಪುರದ ಕಡೆಯವನು. ಅವನೂರಲ್ಲಿ ಯಾರೋ ಕೃಷಿ ಹೊಂಡಕ್ಕೆ ಹಾಸಿ ಉಳಿದ 500 ಮೈಕ್ರಾನ್ ಹಾಳೆ ಇತ್ತು. ಅದನ್ನೇ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಬಂದ. ಕೆಳಗೆ ಹಳೇ ಗೋಣಿಚೀಲ, ಮೇಲೆ ಹಾಳೆ. ದಿಬ್ಬಕ್ಕೆ ಬೇರೆ ತುಂಡು ಹಾಸಿ, ಅದರ ಕೆಳತುದಿ ಕೊಳದ ಹಾಳೆಯ ಮೇಲೆ ಬೀಳುವ ಹಾಗೆ ಬಿಟ್ಟೆವು. ಕಲ್ಲು ಕೂರಿಸಲು ಅಲ್ಲಲ್ಲಿ ಸಿಮೆಂಟ್ ಮೆತ್ತಿದ್ದು. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟರೆ ಮೀನು ಉಳಿಯಲ್ಲ. ಅದಕ್ಕೆ ಮೂರು ವಾರ ನೀರು ತುಂಬಿಸೋದು, ಚೆಲ್ಲೋದು. ಗಾರೆಯವರು ಹೇಳಿದರು ಅಂತ ಬಾಳೆದಿಂಡನ್ನೂ ಕೊಚ್ಚಿ ಹಾಕಿದೆ. ಅದರಿಂದ ಎಷ್ಟು ಉಪಯೋಗ ಆಯಿತೋ, ಮನೆಯವಳಿಗಂತೂ ವಾಸನೆ ಹಿಡಿಸಲಿಲ್ಲ.

ಪಂಪ್ 40 ವ್ಯಾಟಿನದು. ದಿನವಿಡೀ ಓಡಿದರೂ ಒಂದು ಯೂನಿಟ್ಟಿಗಿಂತ ಚೂರು ಕಮ್ಮಿ. ಪೆಟ್ಟಿಗೆ ಮೇಲೆ ಗಂಟೆಗೆ 2000 ಲೀಟರ್ ಅಂತ ಬರೆದಿತ್ತು. ಅದು ನೆಲಮಟ್ಟದ ಲೆಕ್ಕ. ಮೂರು ಅಡಿ ಮೇಲಕ್ಕೆ ತಳ್ಳುವಾಗ ಎಷ್ಟು ಬರುತ್ತದೆ ಅಂತ ಬಕೆಟ್ ಹಿಡಿದು ನೋಡಿದೆ. 15 ಲೀಟರಿನ ಬಕೆಟ್ ತುಂಬಲು 40 ಸೆಕೆಂಡ್ ಹಿಡಿಯಿತು. ಅಂದರೆ ಗಂಟೆಗೆ 1350. ಈ ಅಳತೆ ತೆಗೆದುಕೊಳ್ಳದೆ ಮೆಟ್ಟಿಲಿನ ಅಗಲ ನಿರ್ಧಾರ ಮಾಡಬೇಡಿ. ನಾನು ಮೊದಲು ಎರಡು ಅಡಿ ಅಗಲದ ಬಾಯಿ ಬಿಟ್ಟಿದ್ದೆ. ನೀರು ಬೀಳೋ ಬದಲು ಕಲ್ಲಿಗೆ ಅಂಟಿಕೊಂಡು ಇಳಿಯುತ್ತಿತ್ತು. ಒಂದು ಗೇಣಿಗೆ ಇಳಿಸಿದ ಮೇಲೆ ಸದ್ದು ಬಂತು. ಇನ್ನೊಂದು ಮಾತು, ನೀರಲ್ಲಿ ಕರೆಂಟ್ ಇಡುವಾಗ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಇಡಬಾರದು. ಅದರಲ್ಲಿ ಕಂಜೂಸ್‌ತನ ಬೇಡ.

ಮಾರ್ಚಿನ ಪೆದ್ದುತನ

ಗಿಡದ ವಿಷಯಕ್ಕೆ ಬಂದಾಗ ನಾನು ನರ್ಸರಿಗೆ ಹೋಗಿ ಚೆನ್ನಾಗಿ ಕಂಡದ್ದನ್ನೆಲ್ಲ ಕಾರಿಗೆ ತುಂಬಿಕೊಂಡೆ. ಎರಡು ನೈದಿಲೆ, ನಾಲ್ಕು ಜರಿಗಿಡ, ಮೂರು ಕ್ಯಾನಾ, ಒಂದು ಮನಿಪ್ಲಾಂಟ್. ನೀರಿನ ತೊಟ್ಟಿಗೆ ಅಂದದ್ದಕ್ಕೆ ಅಂಗಡಿಯವರು ನೇರಳೆ ಹೂವಿನ ಅಂತರಗಂಗೆಯನ್ನು ಪುಕ್ಕಟೆ ಕೊಟ್ಟರು. ಪುಕ್ಕಟೆ ಯಾಕೆ ಕೊಡುತ್ತಾರೆ ಅಂತ ಆಗಲೇ ಹೊಳೆಯಬೇಕಿತ್ತು.

ನೈದಿಲೆಯನ್ನು ಜಲಪಾತದ ಬುಡದಲ್ಲೇ ಇಟ್ಟೆ. ನೀರು ಬೀಳುವ ಜಾಗದಲ್ಲಿ ಹೂವಿದ್ದರೆ ಚೆಂದ ಅಲ್ವಾ? ಹತ್ತು ದಿನದಲ್ಲಿ ಎಲೆಗಳು ಒಂದೊಂದಾಗಿ ಕಂದು ಬಣ್ಣಕ್ಕೆ ತಿರುಗಿ, ಅಂಚಿನಿಂದ ಕೊಳೆಯುತ್ತಾ ಬಂದವು. ನೈದಿಲೆ ನಿಂತ ನೀರಿನ ಗಿಡ. ಅದರ ಎಲೆಯ ಉಸಿರಾಟದ ರಂಧ್ರಗಳು ಇರೋದು ಮೇಲ್ಮೈಯಲ್ಲಿ. ಸದಾ ಮೇಲಿಂದ ನೀರು ಎರಚಿದರೆ ಎಲೆ ಸೊರಗುತ್ತದೆ. ನೀರಿನ ಅಲೆ ತೊಟ್ಟನ್ನು ಎಳೆದಾಡುವುದನ್ನೂ ಅದು ಸಹಿಸಲ್ಲ. ಆ ಕಡೆ ತುದಿಗೆ, ಜಲಪಾತದಿಂದ ಆರು ಅಡಿ ದೂರಕ್ಕೆ ಸರಿಸಿದೆ. ಮೂರನೇ ವಾರದಲ್ಲಿ ಹೊಸ ಎಲೆ ಬಂತು. ತಾವರೆ ಆಸೆಯನ್ನು ಅಲ್ಲಿಗೇ ಬಿಟ್ಟೆ. ಅದಕ್ಕೆ ಇನ್ನೂ ಜಾಸ್ತಿ ಜಾಗ, ಇನ್ನೂ ಜಾಸ್ತಿ ಬಿಸಿಲು, ಇನ್ನೂ ನಿಂತ ನೀರು ಬೇಕು.

ಜರಿಗಿಡಗಳು ಮಾರ್ಚಿನ ಮೂರನೇ ವಾರಕ್ಕೆ ಹಪ್ಪಳವಾದವು. ಬೇರಿಗೆ ನೀರಿತ್ತು. ಆದರೆ ನನ್ನ ದಿಬ್ಬ ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಒಂದರಿಂದ ಐದರವರೆಗೆ ಬಿಸಿಲು ನೇರ ಹೊಡೆಯುತ್ತದೆ. ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ನೀರಿದೆ ಅಂದ ಮಾತ್ರಕ್ಕೆ ನೆರಳಿನ ಗಿಡ ಬಿಸಿಲಲ್ಲಿ ಬದುಕಲ್ಲ.

ಕ್ಯಾನಾದ ಕಥೆ ಬೇರೆ. ಗಿಡ ಚೆನ್ನಾಗಿಯೇ ಇತ್ತು. ಆದರೆ ನರ್ಸರಿ ಕವರಿನ ಮಣ್ಣಿನ ಸಮೇತ ಎರಡನೇ ಮೆಟ್ಟಿಲಿನಲ್ಲಿ ಕೂರಿಸಿದ್ದೆ. ಆ ಮಣ್ಣಿನಲ್ಲಿ ಅರ್ಧ ಗೊಬ್ಬರ. ಒಂದೇ ವಾರದಲ್ಲಿ ಗೊಬ್ಬರ ಕೊಚ್ಚಿಕೊಂಡು ಕೊಳಕ್ಕೆ ಇಳಿಯಿತು. ಏಪ್ರಿಲ್ ಬರುವ ಹೊತ್ತಿಗೆ ಕೊಳ ಬಟಾಣಿ ಸಾರಿನ ಹಾಗೆ ಹಸಿರು. ಮೀನು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಕಲ್ಲಿನ ಮೇಲೆ ಪಾಚಿ ಹಸಿರು ಬೇಕು ಅಂತ ಯಾರದೋ ಮಾತು ಕೇಳಿ ಮಜ್ಜಿಗೆಯಲ್ಲಿ ಪಾಚಿ ಅರೆದು ಹಚ್ಚಿದ್ದೂ ಆಯಿತು. ಇರುವೆ ಬಂದವು. ಬೀದಿ ಬೆಕ್ಕು ಬಂತು. ಪಾಚಿ ಬರಲಿಲ್ಲ. ಜೂನಿನ ಮಳೆಗೆ ಅದು ತಾನಾಗಿಯೇ, ನಾನು ಹಚ್ಚದೇ ಇದ್ದ ಇಟ್ಟಿಗೆಯ ಮೇಲೆ ಬಂತು.

ಬಲಮುರಿಯಲ್ಲಿ ಒಂದು ಭಾನುವಾರ

ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಕೆಆರ್‌ಎಸ್ ಹತ್ತಿರದ ಬಲಮುರಿಗೆ ಹೋಗಿದ್ದೆವು. ಅಲ್ಲಿ ಕಾವೇರಿಗೆ ಅಡ್ಡ ಕಟ್ಟಿದ ಕಟ್ಟೆಯ ಮೇಲಿಂದ ನೀರು ಹಾಳೆಯಂತೆ ಇಳಿಯುತ್ತದೆ. ಮಕ್ಕಳು ನೀರಲ್ಲಿ, ನಾನು ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಗಿಡ ನೋಡುತ್ತಿದ್ದೆ. ರಭಸದ ನಡುವಿನಲ್ಲಿ ಏನೂ ಇಲ್ಲ, ಬರೀ ಜಾರೋ ಪಾಚಿ. ಬದಿಗೆ ಬಂದ ಹಾಗೆ ಕಲ್ಲಿನ ಬಿರುಕಲ್ಲಿ ಹುಲ್ಲು, ಜೊಂಡು. ಹನಿ ಮಾತ್ರ ಸಿಡಿಯುವ ಕಡೆ ಮೆತ್ತಗಿನ ಸಣ್ಣ ಎಲೆಯ ಗಿಡ. ನೀರು ನಿಂತ ಮೂಲೆಯಲ್ಲಿ ಅಗಲ ಎಲೆ.

ನಾನು ಮನೆಯಲ್ಲಿ ಮಾಡಿದ್ದು ಇದರ ತದ್ವಿರುದ್ಧ. ಗಿಡ ಎಷ್ಟು ಚೆಂದ ಅಂತ ನೋಡಿದ್ದೆ. ಆ ಜಾಗದಲ್ಲಿ ನೀರು ಏನು ಮಾಡುತ್ತಿದೆ ಅಂತ ನೋಡಿರಲಿಲ್ಲ. ಮನೆಗೆ ಬಂದವನೇ ಒಂದು ಹಾಳೆಯಲ್ಲಿ ದಿಬ್ಬದ ಚಿತ್ರ ಬರೆದು, ನೀರು ಬೀಳೋ ಕಡೆ, ಹರಿಯೋ ಕಡೆ, ಸಿಡಿಯೋ ಕಡೆ, ನಿಲ್ಲೋ ಕಡೆ, ಬರೀ ತೇವದ ಕಡೆ ಅಂತ ಗುರುತು ಹಾಕಿದೆ. ಆ ಹಾಳೆ ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ.

ಜೂನಿನ ಎರಡನೇ ಸುತ್ತು

ಈ ಸಲ ನರ್ಸರಿಗೆ ಹೋಗಲಿಲ್ಲ. ಬಾಮೈದನ ಗದ್ದೆಗೆ ಹೋದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಬಯಲು ಅದು. ನೀರಲ್ಲಿ ಕಾಲಿಟ್ಟುಕೊಂಡೇ ಬೆಳೆಯುವ ಗಿಡ ಅಲ್ಲಿ ಬೇಕಾದಷ್ಟು. ಗದ್ದೆ ಬದದಿಂದ ಒಂದೆಲಗ, ಹೊನಗೊನ್ನೆ. ಕಾಲುವೆ ಪಕ್ಕದಿಂದ ನೀರುಬ್ರಾಹ್ಮಿ, ಕೆಸು. ಅವರ ಹಳೇ ಬಾವಿಯ ಕಲ್ಲಿನ ಸಂದಿಯಿಂದ ಎರಡು ಥರದ ಜರಿಗಿಡ. ಒಂದಕ್ಕೆ ಕೂದಲಿನಂಥ ಕಪ್ಪು ಕಡ್ಡಿ, ಇನ್ನೊಂದಕ್ಕೆ ಬಾಚಣಿಗೆಯಂಥ ಉದ್ದ ಎಲೆ. ಈ ಬಾಚಣಿಗೆಯದು ಸುಣ್ಣದ ಗಾರೆಯ ಹಳೇ ಗೋಡೆಗಳಲ್ಲೂ ಬರುತ್ತದೆ. ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು, ಕಲ್ಲಿನ ಮೇಲೆಲ್ಲ ಬಿಳಿ ಕಲೆ ಬಿಡುತ್ತದೆ. ಅಂಥ ನೀರಿಗೆ ಹೆದರದ ಗಿಡವೇ ಬೇಕಿತ್ತು.

ಬಜೆ ಅಮ್ಮನ ಆಯ್ಕೆ. "ಮನೇಲಿ ಬಜೆ ಇರ್ಬೇಕಪ್ಪ, ಮಗು ಹುಟ್ಟಿದ್ರೆ ನಾಲಿಗೆಗೆ ಹಚ್ಚೋಕೆ" ಅಂದರು. ಸದ್ಯಕ್ಕೆ ನಮ್ಮನೆಯಲ್ಲಿ ಅಂಥ ಯೋಚನೆ ಯಾರಿಗೂ ಇಲ್ಲ. ಆದರೂ ಕೊಳದ ಅಂಚಿಗೆ ಬಜೆಗಿಂತ ಒಳ್ಳೇ ಗಿಡ ನಾನು ನೋಡಿಲ್ಲ. ಎರಡು ಮೂರು ಇಂಚು ನೀರಲ್ಲಿ ನಿಲ್ಲುತ್ತದೆ, ಕತ್ತಿಯಂಥ ಎಲೆ ನೆಟ್ಟಗೆ ಏಳುತ್ತದೆ, ಮುರಿದರೆ ಘಮ್ಮನೆ ವಾಸನೆ.

ನೆಡುವ ರೀತಿಯನ್ನೂ ಬದಲಾಯಿಸಿದೆ. ಹರಿಯೋ ನೀರಲ್ಲಿ ಮಣ್ಣು ಒಂದು ಚಿಟಿಕೆಯೂ ಇಲ್ಲ. ಬೇರನ್ನು ಬಕೆಟ್ಟಿನಲ್ಲಿ ಅಲ್ಲಾಡಿಸಿ ತೊಳೆದು, ಅಂಗೈ ಅಗಲದ ಗೋಣಿತಾಟಿನಲ್ಲಿ ಸಡಿಲವಾಗಿ ಸುತ್ತಿ, ಕಲ್ಲಿನ ಸಂದಿಗೆ ತುರುಕಿ, ಮುಂದೆ ಎರಡು ಹಿಡಿ ಜಲ್ಲಿ. ಗೋಣಿ ಮೂರು ನಾಲ್ಕು ತಿಂಗಳಲ್ಲಿ ಕೊಳೆಯುತ್ತದೆ. ಅಷ್ಟರಲ್ಲಿ ಬೇರು ಜಲ್ಲಿಯನ್ನು ಹಿಡಿದುಕೊಂಡಿರುತ್ತದೆ. ಗೊಬ್ಬರ ಬೇಕಾಗಿಲ್ಲ. ಮೀನಿನ ಹಿಕ್ಕೆಯಿಂದ ಬರುವ ಅಮೋನಿಯಾವನ್ನು ಕಲ್ಲಿನ ಮೇಲಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ, ಆ ನೈಟ್ರೇಟನ್ನು ಈ ಬರಿಬೇರಿನ ಗಿಡಗಳು ಹೀರುತ್ತವೆ. ನೀರನ್ನು ಹಸಿರು ಮಾಡುವ ಪಾಚಿಗೆ ಊಟ ಕಮ್ಮಿಯಾಗುತ್ತದೆ. ಜುಲೈ ಕೊನೆಗೆ ಕೊಳದ ತಳದ ಕಲ್ಲು ಕಾಣಿಸಿತು. ಇದಕ್ಕಾಗಿಯೇ ಪಂಪನ್ನು ರಾತ್ರಿಯೂ ನಿಲ್ಲಿಸಲ್ಲ, ಆ ಬ್ಯಾಕ್ಟೀರಿಯಾಕ್ಕೆ ಹರಿಯೋ ನೀರಿನ ಆಮ್ಲಜನಕ ಬೇಕು.

ಕೆಸುವನ್ನು ದಿಬ್ಬದ ಪಶ್ಚಿಮದ ಬುಡದಲ್ಲಿ, ನೀರು ನಿಲ್ಲೋ ಗುಂಡಿಯಲ್ಲಿ ಹಾಕಿದೆ. ಎರಡು ತಿಂಗಳಲ್ಲಿ ಆನೆಕಿವಿಯಷ್ಟು ಎಲೆ ಬಿಟ್ಟು ಮಧ್ಯಾಹ್ನದ ಬಿಸಿಲಿಗೆ ಕೊಡೆ ಹಿಡಿಯಿತು. ಆ ನೆರಳಲ್ಲಿ ಕಪ್ಪು ಕಡ್ಡಿಯ ಜರಿಗಿಡ. ಈ ಸಲ ಒಂದೂ ಸಾಯಲಿಲ್ಲ.

ಜೊಂಡು ತರಬೇಡ ಅಂತ ಬಾಮೈದನಿಗೆ ಮೊದಲೇ ಹೇಳಿದ್ದೆ. ಅದರ ಗೆಡ್ಡೆಯ ತುದಿ ಚೂಪು, ಹಾಳೆಯನ್ನೇ ಚುಚ್ಚುತ್ತದೆ. ಅಂತರಗಂಗೆಯನ್ನೂ ಕಿತ್ತು ಬಿಸಿಲಲ್ಲಿ ಗರಿಗರಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿದೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಎರಡರಷ್ಟಾಗುತ್ತದೆ. ಬೇಡ ಅಂತ ಮೋರಿಗೋ ಕೆರೆಗೋ ಎಸೆಯಬೇಡಿ. ನಮ್ಮ ಕೆರೆಗಳು ಅದರಿಂದ ಪಟ್ಟ ಪಾಡು ಸಾಕು.

ದಿಬ್ಬದ ಹೊರಮೈ ಮಳೆಗೆ ಕರಗುತ್ತಿತ್ತು. ಅಲ್ಲಿಗೆ ಲಾವಂಚ. ಬೇರು ಅಡ್ಡ ಹರಡದೆ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಹಾಳೆಯಿಂದ ಒಂದೂವರೆ ಅಡಿ ದೂರದಲ್ಲಿ ಸಾಲಾಗಿ ನೆಟ್ಟಿದ್ದೇನೆ.

ಸೊಳ್ಳೆ ಬಗ್ಗೆ ಎಲ್ಲರೂ ಕೇಳುತ್ತಾರೆ. ರಭಸವಾಗಿ ಹರಿಯೋ ನೀರಲ್ಲಿ ಸೊಳ್ಳೆ ಸಾಮಾನ್ಯವಾಗಿ ಮೊಟ್ಟೆ ಇಡಲ್ಲ. ನೈದಿಲೆಯ ಕಡೆಯ ನಿಂತ ನೀರಿಗೆ ಸೊಳ್ಳೆ ಮರಿ ತಿನ್ನುವ ಹತ್ತು ಗಪ್ಪಿ ಮೀನು ಬಿಟ್ಟೆ, ಈಗ ಎಷ್ಟಿವೆ ಅಂತ ಎಣಿಸೋದು ಬಿಟ್ಟಿದ್ದೇನೆ. ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಹಾಕಿ ಹುಡುಕಿ, "ಇಲ್ಲ ಬಿಡಿ ಸರ್, ಆದ್ರೆ ಆ ಹೂಕುಂಡದ ತಟ್ಟೇಲಿ ಇದಾವೆ" ಅಂದರು. ಅವರು ಹೇಳಿದ್ದು ನಿಜವೇ.

ಮತ್ತೆ ಸೆಪ್ಟೆಂಬರ್

ಆಗಸ್ಟ್ ಪೂರ್ತಿ ಹಿತ್ತಲು ಚಿತ್ರದ ಹಾಗಿತ್ತು. ಅದರಲ್ಲೂ ನೀರುಬ್ರಾಹ್ಮಿ. ಮೂರು ಮೆಟ್ಟಿಲಿನ ಬಾಯಿಯಲ್ಲೂ ಅದನ್ನೇ ಹಾಕಿದ್ದೆ. ರಸ ತುಂಬಿದ ಪುಟ್ಟ ಎಲೆ, ಬಿಳಿಯ ಸಣ್ಣ ಹೂವು, ನೀರಿನ ಜೊತೆ ಕೆಳಕ್ಕೆ ಜೋತಾಡುವ ಬಳ್ಳಿ. ಫೋಟೋ ತೆಗೆದು ಕಳಿಸದ ನೆಂಟರಿಲ್ಲ. ಆಮೇಲೆ ನೀರು ಇಳಿಯೋಕೆ ಶುರುವಾಯಿತು.

ಮೊದಲು ಪಂಪ್ ನಿಲ್ಲಿಸಿ ಒಂದು ದಿನ ಬಿಟ್ಟೆ. ಸ್ಕೇಲಿನಲ್ಲಿ ಅರ್ಧ ಸೆಂಟಿಮೀಟರ್ ಇಳಿದಿತ್ತು. ಅದು ಬಿಸಿಲಿಗೆ ಆರಿದ ನೀರು. ಅಂದರೆ ಕೊಳದ ಹಾಳೆ ಗಟ್ಟಿ. ಮಾರನೇ ದಿನ ಪೈಪನ್ನು ದಿಬ್ಬಕ್ಕೆ ಬಿಡದೆ ನೇರ ಕೊಳಕ್ಕೇ ತಿರುಗಿಸಿ ಪಂಪ್ ಓಡಿಸಿದೆ. ಆಗಲೂ ಅಷ್ಟೇ. ಪಂಪೂ ಸರಿ, ಪೈಪೂ ಸರಿ. ಉಳಿದದ್ದು ಜಲಪಾತ. ಒಂದು ಸುಳಿವು ಕಣ್ಣೆದುರೇ ಇತ್ತು. ವಾರದಿಂದ ಮಳೆಯಿಲ್ಲ, ನಾನು ನೀರೂ ಹಾಕಿಲ್ಲ, ಆದರೂ ದಿಬ್ಬದ ಎಡಗಡೆಯ ದಾಸವಾಳ ಮಾತ್ರ ಮದುವಣಗಿತ್ತಿಯ ಹಾಗೆ ನಳನಳಿಸುತ್ತಿತ್ತು.

ಎಲ್ಲಿಂದ ಅಂತ ಹಿಡಿಯೋದು ಹೇಗೆ? ಅಮ್ಮನ ರಂಗೋಲಿ ಡಬ್ಬ ತಂದೆ. ಪೈಪನ್ನು ಮತ್ತೆ ದಿಬ್ಬಕ್ಕೆ ಬಿಟ್ಟು, ಹಾಳೆಯ ಅಂಚಿನ ಹೊರಗೆ ಎರಡೂ ಕಡೆ ಉದ್ದಕ್ಕೂ ಒಣ ರಂಗೋಲಿ ಪುಡಿಯ ಎಳೆ ಎಳೆದೆ. ಎಳೆ ಸೊಟ್ಟ ಅಂತ ಅಮ್ಮ ಕಿಟಕಿಯಿಂದಲೇ ಹೇಳಿದರು. ಅರ್ಧ ಗಂಟೆ ಕಾದೆ. ಬಲಗಡೆ ಬೆಳ್ಳಗೆ ಹಾಗೇ ಇತ್ತು. ಎಡಗಡೆ, ಎರಡನೇ ಮೆಟ್ಟಿಲಿನ ಪಕ್ಕ, ಒಂದು ಗೇಣು ಉದ್ದ ಪುಡಿ ಬೂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಕೊನೆಗೆ ಕರಗಿ ಹರಿಯಿತು.

ಅಲ್ಲಿ ಬಗ್ಗಿ ನೋಡಿದೆ. ನೀರುಬ್ರಾಹ್ಮಿಯ ಬೇರು ಮೆಟ್ಟಿಲಿನ ಬಾಯಿಗೆ ಚಾಪೆ ಹೆಣೆದಿತ್ತು. ಬಾಮೈದ ಆ ಭಾನುವಾರ ಬಂದವನು ಒಂದೇ ನೋಟಕ್ಕೆ ಹೇಳಿದ: "ಗದ್ದೆ ತೂಬಿಗೆ ಕಸ ಕಟ್ಕೊಂಡ್ರೆ ನೀರು ಬದ ಹತ್ತಲ್ವಾ ಭಾವ? ಅದೇ ಆಗೈತೆ ಕನ ಇಲ್ಲಿ."

ಅಷ್ಟೇ ಆಗಿದ್ದರೂ ಪರವಾಗಿರಲಿಲ್ಲ. ಚಾಪೆಯ ಹಿಂದೆ ನಿಂತ ನೀರು ಮುಕ್ಕಾಲು ಇಂಚು ಏರಿ ಹಾಳೆಯ ಅಂಚಿಗೆ ಬಂದಿತ್ತು. ಅದರ ಜೊತೆಗೆ ಬಳ್ಳಿಯ ಆರೇಳು ಎಳೆ ಅಂಚು ದಾಟಿ ಹೊರಗಿನ ಮಣ್ಣಿಗೆ ಇಳಿಬಿದ್ದಿದ್ದವು. ದೀಪದ ಬತ್ತಿ ಹಣತೆಯ ಮೂತಿಯಿಂದ ಹೊರಗೆ ಬಾಗಿದ್ದರೆ ಎಣ್ಣೆ ತೊಟ್ಟಿಕ್ಕಿ ಕೆಳಗೆ ಜಿಡ್ಡಾಗುತ್ತದಲ್ಲ, ಹಾಗೆ. ಒಂದು ಎಳೆಯ ತುದಿಗೆ ಬೆರಳು ಒಡ್ಡಿದೆ. ತೊಟ್ಟು, ಇನ್ನೊಂದು ತೊಟ್ಟು. ಅದರ ಬುಡದಲ್ಲಿ ಪಾಚಿಯ ಮೆತ್ತೆಯೂ ಅಂಚಿನ ಮೇಲೆ ಹತ್ತಿ ಅದೇ ಕೆಲಸ ಮಾಡುತ್ತಿತ್ತು.

ದುರಸ್ತಿ

ಅಡುಗೆಮನೆಯ ಕತ್ತರಿಯಲ್ಲಿ ಚಾಪೆ ಕತ್ತರಿಸಿದೆ. ಅದಕ್ಕೆ ಬೈಸಿಕೊಂಡೆ, ಹೊಸ ಕತ್ತರಿ ತಂದುಕೊಟ್ಟೆ. ಒಂದು ಬಕೆಟ್ ತುಂಬಾ ಬೇರು ಬಂತು. ತೆಗೆದ ಕೂಡಲೇ ನೀರಿನ ಸದ್ದೇ ಬದಲಾಯಿತು.

ಆಮೇಲೆ ಹಾಳೆಯ ಎಡ ಅಂಚನ್ನು ಎರಡು ಇಂಚು ಮೇಲಕ್ಕೆ ಎತ್ತಿ, ಹಿಂದೆ ಚಪ್ಪಟೆ ಕಲ್ಲು ಒರಗಿಸಿ ನಿಲ್ಲಿಸಿದೆ. ಅಂಚಿನ ಹೊರಗೆ ನಾಲ್ಕು ಬೆರಳು ಅಗಲಕ್ಕೆ ಮಣ್ಣು ತೆಗೆದು ಬರೀ ಜಲ್ಲಿ ತುಂಬಿದೆ. ಒಳಗಿನ ತೇವಕ್ಕೂ ಹೊರಗಿನ ಮಣ್ಣಿಗೂ ನಡುವೆ ಒಣ ಜಾಗ ಇರಬೇಕು. ಆ ಜಾಗದಲ್ಲಿ ಯಾವ ಗಿಡವೂ ಇಲ್ಲ, ಬಂದರೂ ಕೀಳುತ್ತೇನೆ. ಹಾಳೆಯ ಅಂಚನ್ನು ಕಾಣದ ಹಾಗೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಬೇಕು ಅಂತ ಆಸೆ ಎಲ್ಲರಿಗೂ ಇರುತ್ತದೆ. ಕಲ್ಲಿನಿಂದ ಮುಚ್ಚಿ, ಮಣ್ಣಿನಿಂದ ಬೇಡ.

ಗಿಡದ ಪಟ್ಟಿಯನ್ನೂ ತಿದ್ದಿದೆ. ಮೆಟ್ಟಿಲಿನ ಬಾಯಿಗೆ ಈಗ ಗಿಡವೇ ಇಲ್ಲ. ಬರಿ ಕಲ್ಲು, ಅದರ ಮೇಲೆ ತಾನಾಗಿ ಬಂದ ಪಾಚಿ. ನೀರುಬ್ರಾಹ್ಮಿಯನ್ನು ಬದಿಯ ಎರಡು ಗುಂಡಿಗೆ ಸರಿಸಿ, ಮೂರು ವಾರಕ್ಕೊಮ್ಮೆ ಕತ್ತರಿ ಹಾಕುತ್ತೇನೆ. ಹೊನಗೊನ್ನೆಯನ್ನು ಪೂರ್ತಿ ತೆಗೆದೆ, ಅದು ಗಂಟುಗಂಟಿಗೂ ಬೇರು ಬಿಟ್ಟು ಎಲ್ಲಿಗೆ ಬೇಕಾದರೂ ನಡೆದುಕೊಂಡು ಹೋಗುತ್ತದೆ. ಹರಿಯೋ ದಾರಿಯ ಪಕ್ಕಕ್ಕೆ ಒಂದೆಲಗ, ಹನಿ ಸಿಡಿಯೋ ಕಡೆ ಬಾಚಣಿಗೆ ಜರಿಗಿಡ. ಒಂದೆಲಗ ಮೀನಿನ ನೀರಿನದ್ದಾದ್ದರಿಂದ ಚಟ್ನಿಗೆ ಬಳಸಲ್ಲ. ಚಟ್ನಿಗೆ ಬೇರೆ ಕುಂಡ ಇದೆ.

ಹೊಸದಾಗಿ ಬಂದದ್ದು ಕೊಡೆಹುಲ್ಲು, ಛತ್ರಿಯ ಕಡ್ಡಿಗಳ ಹಾಗೆ ಎಲೆ ಹರಡುವ ಗಿಡ. ಅದನ್ನು ಕೊಳದೊಳಗೆ ಕುಂಡದಲ್ಲೇ ಇಟ್ಟಿದ್ದೇನೆ. ಬಿಟ್ಟರೆ ಇದೂ ಚಾಪೆ ಹೆಣೆಯೋ ಜಾತಿ. ಇದರ ಸಸಿ ಮಾಡೋದು ತಮಾಷೆಯಾಗಿದೆ. ಛತ್ರಿಯನ್ನು ಎರಡು ಇಂಚು ಕಡ್ಡಿ ಸಮೇತ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ತಲೆಕೆಳಗಾಗಿ ಲೋಟದ ನೀರಲ್ಲಿ ಮುಳುಗಿಸಿಡಬೇಕು. ಎರಡು ಮೂರು ವಾರದಲ್ಲಿ ನಡುವಿನಿಂದ ಬೇರು, ಆಮೇಲೆ ಪುಟ್ಟ ಛತ್ರಿ. ಅಡುಗೆಮನೆಯ ಕಿಟಕಿಯಲ್ಲಿ ಐದು ಲೋಟ ಸಾಲಾಗಿ ನಿಂತಿವೆ. ಎರಡು ಬಾಮೈದನಿಗೆ.

ದುರಸ್ತಿ ಆಗಿ ಐದು ವಾರ. ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಇಳಿದಿಲ್ಲ. ದಾಸವಾಳ ಒಂದು ವಾರ ಮುನಿಸಿಕೊಂಡು ಎಲೆ ಉದುರಿಸಿತು. ಈಗ ಅದಕ್ಕೆ ಬೇರೆಯಾಗಿ ನೀರು ಹಾಕುತ್ತೇನೆ.

ಮೊನ್ನೆ ಮೂರನೇ ಮೆಟ್ಟಿಲಿನ ಸಂದಿಯಲ್ಲಿ ನಾಲ್ಕೆಲೆಯ ಅರಳಿ ಸಸಿ ಕಾಣಿಸಿತು. ಹಕ್ಕಿ ಹಾಕಿದ ಬೀಜ. ಬಿಟ್ಟರೆ ಹಾಳೆ, ಕಲ್ಲು ಎರಡನ್ನೂ ಸೀಳುತ್ತದೆ. ಕಿತ್ತು ಎಸೆಯೋಕೆ ಹೋದೆ. "ಅರಳಿ ಕಣಪ್ಪ ಅದು, ಎಸೀಬಾರ್ದು" ಅಂದರು ಅಮ್ಮ. ಈಗ ಅದು ಹಳೇ ಎಣ್ಣೆ ಡಬ್ಬದಲ್ಲಿದೆ. ಎಲ್ಲಿ ನೆಡೋದು ಅಂತ ಇನ್ನೂ ತೀರ್ಮಾನ ಆಗಿಲ್ಲ.